ಹುಲಗಪ್ಪ ತಂದೆ ಯಲ್ಲಪ್ಪ, ಹಾಜರ

ಹುಲಗಪ್ಪ ಸತ್ತ ಇಪ್ಪತ್ತೆರಡನೆಯ ದಿನ ಅವನ ಹೆಸರಿಗೆ ಠಾಣೆಯಿಂದ ನೋಟೀಸು ಬಂತು. ಸತತ ಮೂರು ಸೋಮವಾರ ಹಾಜರಿಗೆ ಬಂದಿಲ್ಲ, ಯಾಕೆ ಕ್ರಮ ಜರುಗಿಸಬಾರದು, ಕಾರಣ ಕೊಡಬೇಕು ಎಂದು ಅದರಲ್ಲಿತ್ತು.

ತಂದವನು ರೈಟರ್ ಶಿದ್ದಪ್ಪ. ಠಾಣೆಯ ಪುಸ್ತಕಗಳನ್ನೆಲ್ಲ ಬರೆಯುವ ಹವಾಲ್ದಾರ. ಹುಲಗಪ್ಪನ ಹೆಣವನ್ನು ಕಾಲು ಹಿಡಿದು ಜೀಪಿಗೆ ಹಾಕಿದವರಲ್ಲಿ ಅವನೂ ಒಬ್ಬ. ಮೋಟರ್ ಸೈಕಲ್ಲಿನಿಂದ ಇಳಿಯದೆ, ಒಂದು ಕಾಲು ನೆಲಕ್ಕೆ ಊರಿ, ಕಾಗದ ಚಾಚಿದ. ಹೊಸ್ತಿಲಲ್ಲಿ ಸ್ನೇಹಲ್ ನಿಂತಿದ್ದಳು. ಹುಲಗಪ್ಪನ ಹೆಂಡತಿ. ಏಳು ತಿಂಗಳ ಬಸುರಿ.

“ಅವರು ತೀರಿಕೊಂಡಾರ,” ಅಂದಳು. “ನೀವ ಎತ್ತಿ ಹಾಕೀರಿ.”

“ನನಗ ಗೊತ್ತೈತಿ, ಬಾಯೀ. ಪುಸ್ತಕಕ್ಕ ಗೊತ್ತಿಲ್ಲ.”

ಅವಳು ಕಾಗದ ತೆಗೆದುಕೊಂಡಳು. ಮುಟ್ಟಿದ್ದಕ್ಕೆ ಸಹಿ ಮಾಡಲು ಪೆನ್ನು ಕೇಳಿದಳು. ಶಿದ್ದಪ್ಪ ಅಂಗಿಯ ಕಿಸೆಯಿಂದ ಮಸಿ ಡಬ್ಬಿ ತೆಗೆದ. ಸೆಟ್ಲಮೆಂಟಿನಲ್ಲಿ ಕಾಗದ ಕೊಟ್ಟರೆ ಹೆಬ್ಬೆಟ್ಟೇ ತೆಗೆದುಕೊಳ್ಳುವುದು ರೂಢಿ, ಪೆನ್ನು ತಂದಿಲ್ಲ ಅಂದ. ಸ್ನೇಹಲ್ ಒಳಗೆ ಹೋಗಿ ತನ್ನ ಪೆನ್ನು ತಂದಳು. ಸಹಿ ಮಾಡಿ ಅದರ ಮುಂದೆ ಎಂ.ಎ. ಎಂದು ಬರೆದಳು. ಅವನು ಅದನ್ನು ನೋಡಿ ನಕ್ಕು, ಗಾಡಿಗೆ ಕಿಕ್ ಹೊಡೆದ.

ಅವಳಿಗೆ ಅಳು ಬರಲಿಲ್ಲ. ಇಪ್ಪತ್ತೆರಡು ದಿನದಿಂದ ಬಂದಿರಲಿಲ್ಲ. ಹೊಟ್ಟೆಯೊಳಗೆ ಕೂಸು ಒದೆಯುವುದು ಕೂಡ ಪಕ್ಕದ ಮನೆಯ ಬಾಗಿಲನ್ನು ಯಾರೋ ಬಡಿದ ಹಾಗೆ ಕೇಳುತ್ತಿತ್ತು.

ಸೆಟ್ಲಮೆಂಟ್ ಎಂದರೆ ಹುಬ್ಬಳ್ಳಿಯ ಯಾವ ಆಟೋದವನೂ ದಾರಿ ಕೇಳುವುದಿಲ್ಲ. ಇಂಗ್ಲಿಷರು ಊರೂರಿನಿಂದ ಹಿಡಿದು ತಂದು ತಂತಿಬೇಲಿಯೊಳಗೆ ಕೂಡಿಹಾಕಿದವರ ಕೇರಿ ಅದು. ಆ ಜನರ ಜಾತಿಯ ಹೆಸರಿನಲ್ಲೇ ಕಳ್ಳತನ ಇತ್ತು. ಹುಟ್ಟಿದ ಕೂಸನ್ನೂ ಕಳ್ಳನೆಂದು ಬರೆದುಕೊಳ್ಳುವ ಕಾಯ್ದೆ ಇತ್ತು. ಸ್ವಾತಂತ್ರ್ಯ ಬಂದ ಮೇಲೆ ಆ ಕಾಯ್ದೆ ಹೋಯಿತು, ಬೇಲಿ ಕಿತ್ತರು. ಅದರ ಹಿಂದೆಯೇ ರೂಢಿಗತ ಅಪರಾಧಿಗಳ ಕಾಯ್ದೆ ಬಂತು. ಹಳೆಯ ಪುಸ್ತಕದ ಹೆಸರುಗಳನ್ನು ಹೊಸ ಪುಸ್ತಕಕ್ಕೆ ಇಳಿಸಿಕೊಂಡರು. ಆ ಪುಸ್ತಕ ತುಂಬಿದಾಗ ಮತ್ತೊಂದಕ್ಕೆ ಇಳಿಸಿಕೊಂಡರು. ತಂತಿ ಹೋಯಿತು, ಸೋಮವಾರ ಉಳಿಯಿತು.

ಸೋಮವಾರ ಮುಂಜಾನೆ ಒಂಬತ್ತಕ್ಕೆ ಪುಸ್ತಕದಲ್ಲಿ ಹೆಸರಿದ್ದ ನಲವತ್ತೊಂದು ಮಂದಿ ಠಾಣೆಯ ಮುಂದೆ ಕುಕ್ಕರಗಾಲಿನಲ್ಲಿ ಕೂರಬೇಕು. ಶಿದ್ದಪ್ಪ ಹೆಸರು ಕೂಗುತ್ತಾನೆ. ಹೆಬ್ಬೆಟ್ಟು ಒತ್ತಬೇಕು. ಒತ್ತಿದ ಕೂಡಲೇ ಹೋಗುವ ಹಾಗಿಲ್ಲ. ಅಂಗಳ ಗುಡಿಸಬೇಕು. ನಳದ ನೀರು ತುಂಬಬೇಕು. ಜೀಪು ತೊಳೆಯಬೇಕು. ಪಾಯಖಾನೆ ತೊಳೆಯುವ ಪಾಳಿ ಯಾರದೆಂದು ಠಾಣೆಯ ಇನ್ಸ್‌ಪೆಕ್ಟರ್ ಸಾಹೇಬರು ಹೇಳುತ್ತಾರೆ. ಹುಲಗಪ್ಪ ಹದಿನೆಂಟು ತುಂಬಿದ ವರ್ಷದಿಂದ ಇದನ್ನು ಮಾಡಿದ್ದ. ಒಂದು ದಿನವೂ ಅವನ ಮೇಲೆ ಒಂದು ಕೇಸು ಇರಲಿಲ್ಲ.

ಅವನು ಫರಸಿ ಹಾಕುವ ಗೌಂಡಿ, ನೆಲಕ್ಕೆ ಕಲ್ಲು ಹಾಸುವ ಕೆಲಸದವನು. ಶಹಾಬಾದ ಕಲ್ಲನ್ನು ಅವನ ಹಾಗೆ ಕೂಡಿಸುವವರು ಧಾರವಾಡದ ತನಕ ಇರಲಿಲ್ಲ. ಎರಡು ಕಲ್ಲಿನ ನಡುವೆ ಬ್ಲೇಡು ಹೋಗುತ್ತಿರಲಿಲ್ಲ. ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಫರಸಿ ಹಾಕಲು ಬಂದಾಗ ಸ್ನೇಹಲ್ ಅವನನ್ನು ಕಂಡದ್ದು. ಸಿಮೆಂಟು ಆರುವ ತನಕ ದಾಟಬಾರದು ಎಂದು ಅವನು ಅರ್ಧ ತಾಸು ಅವಳನ್ನು ಬಾಗಿಲಲ್ಲಿ ನಿಲ್ಲಿಸಿದ್ದ. ಆ ಅರ್ಧ ತಾಸಿನಲ್ಲಿ ಅವಳ ಕೈಯಲ್ಲಿದ್ದ ಪುಸ್ತಕ ಯಾವುದೆಂದು ಕೇಳಿದ. ಪಿಯುಸಿ ತನಕ ಓದಿದವನು. ಅವಳು ಇತಿಹಾಸದ ಎಂ.ಎ.

ಅವಳ ತಂದೆ ಧಾರವಾಡದಲ್ಲಿ ಸಾಲಿ ಮಾಸ್ತರರು. ಜಾತಿಯ ಧರ್ಮ ಬಿಟ್ಟು ಬೌದ್ಧರಾದ ಮನೆ, ಗೋಡೆಗೆ ಬುದ್ಧನ ಫೋಟೋ. ಹುಡುಗ ಯಾವ ಕೇರಿಯವನೆಂದು ಕೇಳಿ ತಿಳಿದುಕೊಂಡರು. ನಮ್ಮ ಜನ ಜೀವ ತೇಯ್ದು ಒಂದು ಪುಸ್ತಕದಿಂದ ಹೆಸರು ಕಿತ್ತುಕೊಂಡು ಬಂದೀವಿ, ನೀ ನಿನ್ನ ಕಾಲಿಲೇ ಇನ್ನೊಂದು ಪುಸ್ತಕದೊಳಗ ಹೊಂಟಿ ಅಂದರು. ಆಮೇಲೆ ಮದುವೆಗೆ ಬಂದರು. ಊಟ ಮಾಡಿದರು. ಅವರ ಮಾತಿನ ಅರ್ಥ ಅವಳಿಗೆ ಮದುವೆಯ ಮರುವಾರ ಆಯಿತು. ಅವನು ಹೊಸ ಅಂಗಿ ಕಳಚಿಟ್ಟು ಹರಕು ಬನಿಯನ್ ಹಾಕಿಕೊಂಡು ಹೊರಟಿದ್ದ. ಎಲ್ಲಿಗೆ ಎಂದು ಕೇಳಿದಳು. ಸೋಮವಾರ ಅಂದ.

ಇವನು ಫರಸಿ ಗೌಂಡಿ ಎಂದು ಸಾಹೇಬರಿಗೆ ಯಾರೋ ಹೇಳಿದರು. ಎಂಟು ಸೋಮವಾರ ಅವನಿಂದ ಠಾಣೆಯ ನೆಲ ಹಾಕಿಸಿದರು. ಕಲ್ಲು ಅವನೇ ಹೊತ್ತ, ಅವನೇ ಕಡಿದ, ಅವನೇ ಉಜ್ಜಿ ನುಣುಪು ಮಾಡಿದ. ನೆಲ ಮುಗಿದ ಮೇಲೆ ಹಾಜರಿಗೆ ಬಂದವರನ್ನು ಅದರ ಮೇಲೆ ಕೂರಿಸಲು ಶುರು ಮಾಡಿದರು. ಚಳಿಗಾಲದಲ್ಲಿ ಕುಂಡಿ ಮರಗಟ್ಟುತ್ತದೆ, ಅಷ್ಟು ಚಲೋ ಫರಸಿ ಯಾಕ ಹಾಕಿದಿ ಎಂದು ಉಳಿದ ನಲವತ್ತು ಮಂದಿ ಅವನನ್ನು ಬೈದರು. ಅವನು ನಕ್ಕ. ಅವಳಿಗೆ ನಗು ಬರಲಿಲ್ಲ.

ಅವಳು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದಳು. ನಾಲ್ಕು ತಿಂಗಳು ಓಡಾಡಿಸಿ, ಪುಸ್ತಕದ ಒಂದು ಪುಟದ ಜೆರಾಕ್ಸ್ ಕೊಟ್ಟರು. ಹುಲಗಪ್ಪ ತಂದೆ ಯಲ್ಲಪ್ಪ. ಹುಟ್ಟಿದ್ದು ೧೯೨೧. ಶಿಕ್ಷೆಗಳು: ೧೯೪೧, ೧೯೪೩, ೧೯೪೪.

ಅದು ಅವನ ಅಜ್ಜನ ಪುಟ. ಆ ಮನೆತನದಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ. ಹುಲಗಪ್ಪನ ಮಗ ಯಲ್ಲಪ್ಪ, ಯಲ್ಲಪ್ಪನ ಮಗ ಹುಲಗಪ್ಪ. ಅಜ್ಜ ಸತ್ತದ್ದು ಎಪ್ಪತ್ನಾಲ್ಕರಲ್ಲಿ, ಮೊಮ್ಮಗ ಹುಟ್ಟಿದ್ದೂ ಎಪ್ಪತ್ನಾಲ್ಕರಲ್ಲಿ. ಪುಟ ಮುಚ್ಚಿರಲಿಲ್ಲ. ಹುಲಗಪ್ಪ ಜೆರಾಕ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದ.

“ನಾ ಹುಟ್ಟೂಕಿಂತ ಮೂವತ್ತಮೂರು ವರ್ಷ ಮೊದಲ ಕಳವು ಮಾಡೇನಿ,” ಅಂದ. “ಭಾಳ ಲಗೂ ಕಲತೇನಿ ನೋಡು.”

ಆ ವರ್ಷವೇ ಧಾರವಾಡಕ್ಕೆ ಹೈಕೋರ್ಟಿನ ಪೀಠ ಬಂದಿತ್ತು. ವಕೀಲೆ ದ್ರಾಕ್ಷಾಯಿಣಿ ಎಂಬುವರು ಸ್ನೇಹಲಳಿಗೆ ಹಾಸ್ಟೆಲ್ಲಿನಲ್ಲಿ ಹಿರಿಯರು. ಅವರು ಅರ್ಜಿ ಬರೆದರು. ಅದರಲ್ಲಿ ಕೇಳಿದ್ದು ಎರಡು. ಹುಲಗಪ್ಪನ ಹೆಸರು ತೆಗೆಯಬೇಕು. ಹೆಸರು ಬರೆದುಕೊಂಡು ಜೀವ ಇರುವ ತನಕ ಬೆನ್ನು ಹತ್ತುವ ಆ ಕಾಯ್ದೆಯೇ ಸಂವಿಧಾನಕ್ಕೆ ವಿರುದ್ಧ ಎಂದು ಸಾರಬೇಕು.

ಅರ್ಜಿಯ ನೋಟೀಸು ಠಾಣೆಗೆ ಹೋಯಿತು. ಮುಂದಿನ ಸೋಮವಾರ ಸಾಹೇಬರು ಹುಲಗಪ್ಪನನ್ನು ಎಲ್ಲರೆದುರು ನಿಲ್ಲಿಸಿ, ಹೈಕೋರ್ಟಿಗೆ ಹೋದವರ ಕೈ ಶುದ್ಧ ಇರಬೇಕಲ್ಲ ಎಂದು ಪಾಯಖಾನೆಯನ್ನು ಬರಿಗೈಲಿ ತೊಳೆಯಿಸಿದರು. ಆಮೇಲೆ ಹೇಳಿದರು:

“ಒಂದ ಒಂದು ಸೋಮವಾರ ತಪ್ಪಿಸು ಮಗನ. ಆವಾಗ ಐತಿ ನಿನಗ.”

ಅಕ್ಟೋಬರಿನಲ್ಲಿ ಅವನಿಗೆ ಕಾಮಾಲೆ ಆಯಿತು. ಕಣ್ಣು ಅರಿಶಿಣ. ಧಾರವಾಡದ ಹತ್ತಿರ ಸತ್ತೂರ ದವಾಖಾನೆಗೆ ಸೇರಿಸಿದರು. ಡಾಕ್ಟರರು ಏಳಬಾರದು ಅಂದರು. ಅವರ ಕೈಲಿ ಚೀಟಿ ಬರೆಸಿ, ಸ್ನೇಹಲ್ ಪಕ್ಕದ ಮನೆಯ ಬಾಳವ್ವನ ಗಂಡನ ಕೈಯಲ್ಲಿ ಠಾಣೆಗೆ ಕಳಿಸಿದಳು. ಬಾಳವ್ವನ ಗಂಡನದೂ ಪುಸ್ತಕದಲ್ಲಿ ಹೆಸರಿತ್ತು. ಚೀಟಿ ಮಡಿಕೆ ಬಿಚ್ಚದೆ ಹೊಳ್ಳಿ ಬಂತು. ನಮಗ ಚೀಟಿ ಬ್ಯಾಡ, ಮನಶ್ಯಾ ಬೇಕು, ಮುಂದಿನ ಸೋಮವಾರ ಬರಲಿಲ್ಲಂದ್ರ ವಾರಂಟು ಅಂದರಂತೆ.

ಮುಂದಿನ ಸೋಮವಾರ ಮುಂಜಾನೆ ಸ್ನೇಹಲ್ ಗಂಜಿ ತರಲು ಕೆಳಗೆ ಹೋದಳು. ಬರುವಷ್ಟರಲ್ಲಿ ಹಾಸಿಗೆ ಖಾಲಿ ಇತ್ತು. ಸಲಾಯಿನ್ ನಳಿಕೆ ತೊಟ್ಟಿಕ್ಕುತ್ತಿತ್ತು.

ಅವಳು ಬಸ್ಸು ಹಿಡಿದು ಠಾಣೆಗೆ ಬಂದಾಗ ಹನ್ನೊಂದೂವರೆ. ಅವನು ತಾನು ಹಾಕಿದ ಫರಸಿಯ ಮೇಲೆ ಮಗ್ಗಲಾಗಿದ್ದ. ಮೊಣಕಾಲು ಹೊಟ್ಟೆಗೆ ಸೇರಿತ್ತು. ಹಾಜರಿ ತೆಗೆದುಕೊಂಡೀವಿ, ಸಾಹೇಬರು ಕೂಡು ಅಂದಿದ್ರು, ಕೂತಲ್ಲೇ ವಾಲಿದ ಎಂದು ಶಿದ್ದಪ್ಪ ಹೇಳಿದ. ಮೈ ಇನ್ನೂ ಬೆಚ್ಚಗಿತ್ತು. ಬಲಗೈಯ ಹೆಬ್ಬೆಟ್ಟಿಗೆ ಮಸಿ ಹತ್ತಿತ್ತು.

ಠಾಣೆಯವರು ತಮ್ಮ ಕಾಗದದಲ್ಲಿ, ಸ್ವಂತ ಕೆಲಸಕ್ಕಾಗಿ ಠಾಣೆಗೆ ಬಂದಿದ್ದ ಸಾರ್ವಜನಿಕನೊಬ್ಬ ರೋಗದಿಂದ ಮೃತಪಟ್ಟ, ವಯಸ್ಸು ಮೂವತ್ನಾಲ್ಕು ಎಂದು ಬರೆದರು. ಮನೆಯಲ್ಲಿ ಮೈ ತೊಳೆಯುವಾಗ ಅವನ ತಾಯಿ ದುರಗವ್ವ ಆ ಹೆಬ್ಬೆಟ್ಟನ್ನು ಸೀಗೆಪುಡಿ ಹಚ್ಚಿ ತಿಕ್ಕಿದಳು, ಎಣ್ಣೆ ಹಚ್ಚಿ ತಿಕ್ಕಿದಳು. ಹೋಗಲಿಲ್ಲ. ಮಸಿಯೊಂದಿಗೇ ಅವನನ್ನು ಹೂಳಿದರು.

ಡಿಸೆಂಬರಿನಲ್ಲಿ ಅರ್ಜಿ ಹೈಕೋರ್ಟಿನ ಮುಂದೆ ಬಂತು. ಅರ್ಜಿದಾರ ತೀರಿಕೊಂಡಿದ್ದಾನೆ, ಅವನ ಹೆಂಡತಿ ಅರ್ಜಿ ನಡೆಸುತ್ತಾಳೆ ಎಂದು ದ್ರಾಕ್ಷಾಯಿಣಿ ಹೇಳಿ ಮರಣದ ಸರ್ಟಿಫಿಕೇಟು ಕೊಟ್ಟರು. ಸರಕಾರಿ ವಕೀಲರು ಎದ್ದು ನಿಂತರು. ಸರ್ಟಿಫಿಕೇಟಿನಲ್ಲಿರುವ ವ್ಯಕ್ತಿಗೆ ಮೂವತ್ನಾಲ್ಕು, ನಮ್ಮ ಪುಸ್ತಕದಲ್ಲಿರುವ ಹುಲಗಪ್ಪನಿಗೆ ಎಂಬತ್ತೇಳು ಅಂದರು. ಸತ್ತವನು ಬೇರೆ. ಅವನ ಹೆಸರು ನಮ್ಮ ಪುಸ್ತಕದಲ್ಲಿ ಇರಲೇ ಇಲ್ಲ. ಇಲ್ಲದ ಹೆಸರನ್ನು ತೆಗೆಯುವುದು ಹೇಗೆ? ಪುಸ್ತಕದಲ್ಲಿರುವ ಹುಲಗಪ್ಪ ಸತ್ತಿದ್ದಾನೆ ಎಂಬುದಕ್ಕೆ ಯಾವ ದಾಖಲೆಯೂ ಇಲ್ಲ.

ಸ್ನೇಹಲ್ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದಳು. ಹದಿನಾರು ವರ್ಷ ಅವನ ಹೆಬ್ಬೆಟ್ಟು ಎಂಬತ್ತೇಳರ ಮುದುಕನದೆಂದು ತೆಗೆದುಕೊಂಡವರು. ಅವನ ಬೆವರು ಮುದುಕನ ಲೆಕ್ಕಕ್ಕೆ ನಡೆಯಿತು. ಅವನ ಸಾವು ಮಾತ್ರ ನಡೆಯಲಿಲ್ಲ.

ಠಾಣೆಯವರು ಆ ಮನೆಗೆ ಹೋಗಿ ಪುಸ್ತಕದ ಹುಲಗಪ್ಪ ಇದ್ದಾನೋ ಇಲ್ಲವೋ ವಿಚಾರಣೆ ಮಾಡಿ ವರದಿ ಕೊಡಬೇಕು, ಮುಂದಿನ ಸಲ ಮೂಲ ಪುಸ್ತಕವನ್ನೇ ತರಬೇಕು ಎಂದು ನ್ಯಾಯಾಧೀಶರು ಹೇಳಿದರು. ಮಾರ್ಚಿನ ಒಂದು ಮಂಗಳವಾರ ಕೊಟ್ಟರು.

ಜನವರಿಯಲ್ಲಿ ಗಂಡು ಹುಟ್ಟಿತು. ತಂದೆ ಸತ್ತ ಮೇಲೆ ಹುಟ್ಟಿದ ಕೂಸಿಗೆ ತಂದೆಯ ಹೆಸರನ್ನೇ ಇಡಬೇಕು. ದುರಗವ್ವ ಕೇರಿಯ ಹೆಂಗಸರನ್ನು ಕರೆದು, ಕೂಸನ್ನು ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಹುಲಗಪ್ಪ ಎಂದು ಮೂರು ಸಲ ಕೂಗಿದಳು. ಹೊಳ್ಳಿ ಬಂದ್ಯಲ್ಲಪ್ಪಾ ಅಂದಳು. ಸ್ನೇಹಲ್ ಗೋಡೆಗೆ ಒರಗಿ ಕೂತಿದ್ದಳು. ಬೇಡ ಅನ್ನಲಿಲ್ಲ. ಆಗ ಅವಳಿಗೆ ಯಾವುದಕ್ಕೂ ಬೇಡ ಅನ್ನುವ ಶಕ್ತಿ ಇರಲಿಲ್ಲ.

ಮಾರ್ಚಿನ ವಿಚಾರಣೆಗೆ ನಾಲ್ಕು ದಿನ ಇರುವಾಗ ದ್ರಾಕ್ಷಾಯಿಣಿ ಅವಳನ್ನು ಕರೆಸಿ ಠಾಣೆಯವರ ವರದಿ ತೋರಿಸಿದರು. ಒಂದೇ ಪುಟ. ಸದರಿ ಮನೆಗೆ ಭೇಟಿ ಕೊಟ್ಟು, ಹುಲಗಪ್ಪ ಇದ್ದಾನೆಯೇ ಎಂದು ವಿಚಾರಿಸಲಾಗಿ, ಮನೆಯ ಹಿರಿಯಳಾದ ದುರಗವ್ವ ಇವಳು, ಹುಲಗಪ್ಪ ಮನೆಯಲ್ಲಿಯೇ ಇದ್ದಾನೆ, ಮಲಗಿದ್ದಾನೆ ಎಂದು ಹೇಳಿರುತ್ತಾಳೆ. ಕೆಳಗೆ ದುರಗವ್ವನ ಹೆಬ್ಬೆಟ್ಟು. ಅದರ ಕೆಳಗೆ ಶಿದ್ದಪ್ಪನ ಸಹಿ, ಸಾಹೇಬರ ಸಿಕ್ಕಾ.

ಇದು ನಿಂತರೆ ಅರ್ಜಿ ಬಿದ್ದಂತೆ, ನೀನು ಬದುಕಿರುವವನನ್ನು ಸತ್ತನೆಂದು ಹೇಳಿದಿ ಅಂತ ನಿನ್ನ ಮೇಲೆಯೇ ಕೇಸು ಹಾಕಬಹುದು ಎಂದರು ದ್ರಾಕ್ಷಾಯಿಣಿ. ಹುಲಗಪ್ಪ ಸತ್ತಿದ್ದಾನೆ ಎಂದು ಮುದುಕಿಯಿಂದ ಪ್ರಮಾಣಪತ್ರ ಮಾಡಿಸು. ಟೈಪು ಮಾಡಿದ ಕಾಗದ ಕೊಟ್ಟರು.

ಸ್ನೇಹಲ್ ಮನೆಗೆ ಬಂದಳು. ದುರಗವ್ವ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು.

“ಅತ್ತಿ, ಪೊಲೀಸರು ಬಂದಾಗ ಏನ್ ಹೇಳಿದ್ರಿ?”

“ಹುಲಗಪ್ಪ ಅದಾನೇನು ಅಂತ ಕೇಳಿದ್ರು. ಅದಾನ ಅಂದೆ.”

“ಅವರು ಕೇಳಿದ್ದು ಯಾರನ್ನ?”

“ಯಾರನ್ನರ ಕೇಳ್ಯಾರು. ತೊಟ್ಟಿಲದಾಗ ಮಲಗಿದ್ದ. ಇಲ್ಲ ಅಂತ ಹೆಂಗ ಅನ್ನಲಿ?”

ಆ ಕೇರಿಯಲ್ಲಿ ಹೀಗೊಂದು ಕಟ್ಟು ಇದೆ. ಸತ್ತವರ ಹೆಸರು ಕೂಸಿಗೆ ಇಟ್ಟ ಮೇಲೆ ಆ ಹೆಸರಿನವ ಸತ್ತ ಎಂದು ಮನೆಯವರು ಅನ್ನಬಾರದು. ಹೊಳ್ಳಿ ಬಂದಾನ ಅನ್ನಬೇಕು. ಸತ್ತ ಅಂದರೆ ಆ ಮಾತು ತೊಟ್ಟಿಲಿಗೆ ತಗಲುತ್ತದೆ. ಸ್ನೇಹಲಳಿಗೆ ಇದು ಗೊತ್ತಿತ್ತು. ಇತಿಹಾಸದ ಟಿಪ್ಪಣಿಯ ಹಾಗೆ ಗೊತ್ತಿತ್ತು.

ದುರಗವ್ವ ಎಣ್ಣೆಯ ಬಟ್ಟಲು ಬದಿಗಿಟ್ಟಳು. ಅವತ್ತು ಅವಳು ಹೇಳಿದ್ದನ್ನು ಮೊದಲು ಯಾರಿಗೂ ಹೇಳಿರಲಿಲ್ಲ. ಎಪ್ಪತ್ನಾಲ್ಕರಲ್ಲಿ ಅವಳ ಮಾವ ಸತ್ತ. ಹದಿನೇಳು ದಿನಕ್ಕೆ ಅವಳು ಹಡೆದಳು. ಮಾವನ ಹೆಸರು ಇಟ್ಟರು. ಹೆಸರಿಟ್ಟ ಮರುದಿನ ಒಬ್ಬ ಪೊಲೀಸ ಬಂದು ಬಾಗಿಲಲ್ಲಿ ನಿಂತು ಹುಲಗಪ್ಪ ಅದಾನೇನು ಅಂದ. ಮನೆಯಲ್ಲಿ ಗಂಡಸರು ಇರಲಿಲ್ಲ. ಅವಳು ಇಪ್ಪತ್ತರ ಬಾಣಂತಿ. ತೊಟ್ಟಿಲು ತೂಗುತ್ತಾ, ಅದಾನ್ರಿ, ಮಲಗ್ಯಾನ ಅಂದಳು. ಹೆಸರು ಹೊಸದಾಗಿ ಬಾಯಿಗೆ ಬಂದ ಖುಷಿಯಲ್ಲಿ ಅಂದಳು. ಪೊಲೀಸ ಬರೆದುಕೊಂಡು ಹೋದ. ಹದಿನೆಂಟು ವರ್ಷ ಆದ ಮೇಲೆ ಠಾಣೆಯಿಂದ ಕರೆ ಬಂದ ದಿನ, ತಾನೇನು ಅಂದಿದ್ದೆ ಎಂದು ಅವಳಿಗೆ ತಿಳಿಯಿತು.

“ನನ್ನ ಬಾಯಿಲೇ ಮಗನ್ನ ಅವರ ಕೈಯಾಗ ಕೊಟ್ಟೆ,” ಅಂದಳು. “ಈಗ ಸತ್ತ ಅಂತ ಅಂದು ಇವನ್ನೂ ಕೊಡಂಗಿಲ್ಲ.”

ಸ್ನೇಹಲ್ ಕಾಗದ ಬಿಚ್ಚಿದಳು. ಮಸಿ ಡಬ್ಬಿ ತಂದಿದ್ದಳು. ಇದೊಂದು ಒತ್ತಿದರೆ ಎಲ್ಲ ಮುಗಿಯುತ್ತದೆ, ಇಲ್ಲದಿದ್ದರೆ ಇನ್ನು ಹದಿನೆಂಟು ವರ್ಷಕ್ಕೆ ಈ ಕೂಸನ್ನೂ ಅದೇ ಫರಸಿಯ ಮೇಲೆ ಕೂರಿಸುತ್ತಾರೆ ಅಂದಳು. ದುರಗವ್ವ ಕೈ ಹಿಂದೆ ಸರಿಸಿದಳು. ಸ್ನೇಹಲ್ ಆ ಕೈ ಹಿಡಿದಳು. ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಹೆಬ್ಬೆಟ್ಟನ್ನು ಮಸಿಯ ಮೇಲೆ ಅದ್ದಿದಳು. ಮುದುಕಿ ಎಳೆದುಕೊಳ್ಳಲಿಲ್ಲ. ಕೂಗಲೂ ಇಲ್ಲ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಕೈ ಸಡಿಲ ಬಿಟ್ಟಳು. ಠಾಣೆಯಲ್ಲಿ ಹುಲಗಪ್ಪ ಹಾಗೇ ಬಿಡುತ್ತಿದ್ದ. ಸ್ನೇಹಲ್ ಅದನ್ನು ಒಂದೇ ಸಲ ನೋಡಿದ್ದಳು, ಜನ್ಮಕ್ಕೆ ಸಾಕಾಗಿತ್ತು.

ಅವಳು ಕೈ ಬಿಟ್ಟಳು.

ಕಾಗದವನ್ನು ಮಡಚಿ ಒಲೆಗೆ ಹಾಕಿದಳು. ಅದು ಉರಿಯುವುದನ್ನು ಇಬ್ಬರೂ ನೋಡುತ್ತ ಕೂತರು. ಅದು ಬೂದಿಯಾದ ಮೇಲೆ ಸ್ನೇಹಲ್ ಹೇಳಿದಳು, ನೀವು ಅನಬ್ಯಾಡ್ರಿ ಅತ್ತಿ. ಯಾರು ಅನಬೇಕೋ ಅವರ ಬಾಯಿಲೇ ಅನಸೂಣು.

ವಿಚಾರಣೆಯ ಹಿಂದಿನ ದಿನ ಸೋಮವಾರ. ಒಂಬತ್ತಕ್ಕೆ ಅವಳು ಕೂಸನ್ನು ಎತ್ತಿಕೊಂಡು ಠಾಣೆಗೆ ನಡೆದಳು. ದುರಗವ್ವ ಹಿಂದೆ ಬಂದಳು. ನಲವತ್ತು ಮಂದಿ ಫರಸಿಯ ಮೇಲೆ ಕೂತಿದ್ದರು. ಹೆಂಗಸರು ಬಂದದ್ದು ನೋಡಿ ಬಾಳವ್ವನ ಗಂಡ ತಲೆ ತಗ್ಗಿಸಿದ. ಸಾಹೇಬರು ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಾ ಪೇಪರು ಓದುತ್ತಿದ್ದರು. ಶಿದ್ದಪ್ಪ ಹೆಸರು ಕೂಗುತ್ತಾ ಹೋದ. ಹುಲಗಪ್ಪ ತಂದೆ ಯಲ್ಲಪ್ಪ ಎಂದು ಕೂಗಿ, ತಲೆ ಎತ್ತದೆ, ಗೈರು ಎಂದು ಬರೆಯಲು ಪೆನ್ನು ಇಟ್ಟ.

“ಹಾಜರ ಅದಾನ್ರಿ,” ಅಂದಳು ಸ್ನೇಹಲ್.

ಅವಳು ಮುಂದೆ ಹೋಗಿ ಕೂಸನ್ನು ಫರಸಿಯ ಮೇಲೆ ಮಲಗಿಸಿದಳು. ತಂದೆ ಮಗ್ಗಲಾಗಿದ್ದ ಜಾಗ. ಕಲ್ಲು ತಣ್ಣಗಿತ್ತು. ಕೂಸು ಬೆನ್ನು ಸೆಟೆಸಿ ಅತ್ತಿತು.

ಶಿದ್ದಪ್ಪ ಇದೇನು ನಾಟಕ ಅಂದ. ಅವಳು ಹೇಳಿದಳು: ಹುಲಗಪ್ಪ ಮನೆಯಲ್ಲಿದ್ದಾನೆ ಎಂದು ಹೈಕೋರ್ಟಿಗೆ ಬರೆದುಕೊಟ್ಟವರು ನೀವು. ನಮ್ಮ ಮನೆಯಲ್ಲಿರುವ ಹುಲಗಪ್ಪ ಇವನೇ. ಕರೆದುಕೊಂಡು ಬಂದಿದ್ದೇನೆ.

“ಹೆಬ್ಬೆಟ್ಟು ತಗೊಳ್ರಿ. ಇಲ್ಲಂದ್ರ, ಇಂವ ಅಂವ ಅಲ್ಲ, ಅಂವ ಸತ್ತಾನ ಅಂತ ಬರದು ಸಹಿ ಮಾಡ್ರಿ. ಎರಡರಾಗ ಒಂದು ಮಾಡೂತನಕ ನಾ ಕೂಸನ್ನ ಎತ್ತಂಗಿಲ್ಲ.”

ಕೂಸು ಅಳುತ್ತಿತ್ತು. ಅವಳ ಎದೆಯಿಂದ ಹಾಲು ಸೋರಿ ಕುಪ್ಪಸ ಒದ್ದೆಯಾಯಿತು. ನಲವತ್ತು ಗಂಡಸರು ನೆಲ ನೋಡಿದರು. ಅವಳು ಸೆರಗು ಎಳೆದುಕೊಳ್ಳಲಿಲ್ಲ.

ಶಿದ್ದಪ್ಪನ ಪೆನ್ನು ಹಾಗೇ ನಿಂತಿತು. ಹದಿನೆಂಟು ಸೋಮವಾರದಿಂದ ಆ ಸಾಲಿಗೆ ಗೈರು ಎಂದು ಬರೆದಿದ್ದ. ಪುಸ್ತಕ ನಾಳೆ ಧಾರವಾಡಕ್ಕೆ ಹೋಗಬೇಕು. ಇವನು ಬದುಕಿದ್ದರೆ ಹದಿನೆಂಟು ವಾರ ಯಾಕೆ ಹಿಡಿದು ತರಲಿಲ್ಲ ಎಂದು ಅಲ್ಲಿ ಯಾರಾದರೂ ಕೇಳಿದರೆ? ಅವನು ಸಾಹೇಬರ ಕಡೆ ನೋಡಿದ. ಸಾಹೇಬರು ಪೇಪರಿನ ಪುಟ ತಿರುವಿದರು.

“ಹೆಬ್ಬೆಟ್ಟು ತಾನ ಬೇಕು ಈಕೀಗ. ಒತ್ತಿಸಿಕೊಂಡು ಓಡಸು. ಹೆಂಗಿದ್ರೂ ಹದಿನೆಂಟು ವರ್ಷಕ್ಕ ಬರಾಂವ ಅಲ್ಲಾ, ಈಗ ರೂಢಿ ಆಗಲಿ.”

ಒಂದಿಬ್ಬರು ಪೇದೆಗಳು ನಕ್ಕರು.

ಶಿದ್ದಪ್ಪ ಬಗ್ಗಿ ಕೂತ. ಕೂಸಿನ ಮುಷ್ಟಿ ಬಿಚ್ಚಲಿಲ್ಲ. ಒಂದೊಂದೇ ಬೆರಳು ಬಿಡಿಸಿದ. ಹೆಬ್ಬೆಟ್ಟನ್ನು ಮಸಿಗೆ ಒತ್ತಿ, ಪುಸ್ತಕದ ಆ ಸಾಲಿನಲ್ಲಿ ಒತ್ತಿದ. ಜೋಳದ ಕಾಳಿನಷ್ಟು ಕಪ್ಪು ಬಿತ್ತು. ಮುಂದೆ ಬರೆದ: ಹಾಜರ. ತಾರೀಖು ಹಾಕಿದ. ಹದಿನಾರು ವರ್ಷದ ಕೈರೂಢಿ. ಸಾಲು ಖಾಲಿ ಬಿಟ್ಟು ಅವನಿಗೆ ಗೊತ್ತಿರಲಿಲ್ಲ.

ಮನೆಗೆ ಬಂದ ಕೂಡಲೇ ದುರಗವ್ವ ನೀರು ತಂದಳು. ಸ್ನೇಹಲ್ ಕೂಸಿನ ಕೈಗೆ ಬಟ್ಟೆ ಸುತ್ತಿದಳು. ತೊಳೀಬ್ಯಾಡ್ರಿ, ನಾಳಿತನಕ ಇರಲಿ ಅಂದಳು. ದುರಗವ್ವ ಅವಳನ್ನು ದಿಟ್ಟಿಸಿ ನೋಡಿದಳು. ನಿನ್ನಂಥಾ ಕಲ್ಲೆದೆಯ ತಾಯಿ ಈ ಕೇರ್ಯಾಗ ಇಲ್ಲ ಅಂದಳು. ಸ್ನೇಹಲ್ ಹೌದು ಅಂದಳು.

ಮಂಗಳವಾರ ಹೈಕೋರ್ಟಿನಲ್ಲಿ ಸರಕಾರಿ ವಕೀಲರು ಮನೆಯ ವಿಚಾರಣೆಯ ವರದಿ ಓದಿದರು. ಹುಲಗಪ್ಪ ಬದುಕಿದ್ದಾನೆ, ಮನೆಯವರೇ ಒಪ್ಪಿದ್ದಾರೆ, ಅರ್ಜಿ ಸುಳ್ಳು ಅಂದರು. ಮೂಲ ಪುಸ್ತಕ ನ್ಯಾಯಾಧೀಶರ ಮೇಜಿನ ಮೇಲೆ ಇತ್ತು. ಕೊನೆಯ ಹಾಜರಿ ನೋಡಬೇಕು ಎಂದಷ್ಟೇ ದ್ರಾಕ್ಷಾಯಿಣಿ ಕೇಳಿಕೊಂಡರು.

ನ್ಯಾಯಾಧೀಶರು ಪುಟ ತಿರುವಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಪುಸ್ತಕದ ಹುಲಗಪ್ಪನಿಗೆ ಈಗ ವಯಸ್ಸೆಷ್ಟು ಎಂದು ಕೇಳಿದರು. ಎಂಬತ್ತೆಂಟು ಎಂದರು ಸರಕಾರಿ ವಕೀಲರು. ಎಂಬತ್ತೆಂಟು ವರ್ಷದ ಮನುಷ್ಯನ ಹೆಬ್ಬೆಟ್ಟು ಇಷ್ಟು ಸಣ್ಣದೇ ಎಂದು ನ್ಯಾಯಾಧೀಶರು ಕೇಳಿದರು. ಈ ಹುಲಗಪ್ಪ ಎಲ್ಲಿದ್ದಾನೆ?

ಸ್ನೇಹಲ್ ಹಿಂದಿನ ಬೆಂಚಿನಿಂದ ಎದ್ದಳು. ಕೂಸಿನ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಆ ಕೈಯನ್ನು ಮೇಲೆ ಹಿಡಿದಳು.

ಪುಸ್ತಕ ತಂದಿದ್ದ ಸಾಹೇಬರನ್ನು ಮುಂದೆ ಕರೆದರು. ಅವರು ಟೊಪ್ಪಿಗೆ ಕಂಕುಳಲ್ಲಿ ಇಟ್ಟುಕೊಂಡು ನಿಂತರು. ನಿಮ್ಮ ಪುಸ್ತಕದ ಅಪರಾಧಿ ಈ ಕೂಸೇ ಎಂದು ನ್ಯಾಯಾಧೀಶರು ಕೇಳಿದರು. ಅಲ್ಲ ಎಂದರು ಸಾಹೇಬರು. ಹಾಗಾದರೆ ಹದಿನಾರು ವರ್ಷ ಹಾಜರಿ ಕೊಟ್ಟವನು ಯಾರು? ಸಾಹೇಬರು ಸರಕಾರಿ ವಕೀಲರ ಕಡೆ ನೋಡಿದರು. ಅವರು ಕಾಗದ ಹುಡುಕುತ್ತಿದ್ದರು. ಅವನು ಇವಳ ಗಂಡ ಎಂದರು ಸಾಹೇಬರು. ಅವನು ಈಗ ಎಲ್ಲಿದ್ದಾನೆ?

“ಸತ್ತಾನ್ರಿ.”

ಎಲ್ಲಿ ಸತ್ತ ಎಂದು ನ್ಯಾಯಾಧೀಶರು ಕೇಳಿದರು. ಸಾಹೇಬರ ದನಿ ಇಳಿಯಿತು. ಕೇಳಿಸಲಿಲ್ಲ, ಜೋರಾಗಿ ಹೇಳಿ ಎಂದರು.

“ನಮ್ಮ ಸ್ಟೇಶನ್ನಿನಾಗ್ರಿ. ಹಾಜರಿಗೆ ಬಂದಾಗ.”

ಟೈಪು ಮಾಡುವವನು ಅದನ್ನು ಟೈಪು ಮಾಡಿದ. ಸ್ನೇಹಲ್ ಆ ಟಕಟಕ ಸದ್ದನ್ನು ಕೊನೆಯ ಅಕ್ಷರದ ತನಕ ಕೇಳಿದಳು.

ಆದೇಶ ಅರ್ಧ ಪುಟದ್ದು. ಹುಲಗಪ್ಪ ತಂದೆ ಯಲ್ಲಪ್ಪ ಎಂಬ ಹೆಸರನ್ನು ಇಂದೇ ಹೊಡೆದುಹಾಕಬೇಕು. ಹೆಸರೇ ಹೋದ ಮೇಲೆ ಕಾಯ್ದೆ ಸರಿಯೋ ತಪ್ಪೋ ಎಂದು ಈ ಅರ್ಜಿಯಲ್ಲಿ ನೋಡುವ ಅಗತ್ಯ ಉಳಿಯುವುದಿಲ್ಲ. ಸತ್ತವನ ಬಗ್ಗೆ ಒಂದು ವಾಕ್ಯವೂ ಇರಲಿಲ್ಲ. ಉಳಿದ ನಲವತ್ತು ಹೆಸರುಗಳು ಪುಸ್ತಕದಲ್ಲಿ ಇದ್ದ ಹಾಗೆಯೇ ಇದ್ದವು. ಸಾಹೇಬರು ಆ ಪುಸ್ತಕವನ್ನು ಬಗಲಲ್ಲಿ ಹಿಡಿದುಕೊಂಡು ಜೀಪು ಹತ್ತಿದರು. ನಲವತ್ತು ಅರ್ಜಿ ಬರೆಯಬೇಕಾಗತೈತಿ ಎಂದು ದ್ರಾಕ್ಷಾಯಿಣಿ ಹೇಳಿದರು. ಬರೀರಿ, ನಾ ಕೂತು ಬರಕೊಡ್ತೇನಿ ಅಂದಳು ಸ್ನೇಹಲ್.

ದುರಗವ್ವ ಒಳಗೆ ಬಂದಿರಲಿಲ್ಲ. ಕೋರ್ಟಿನ ಗೇಟಿನ ಹೊರಗೆ, ನಳದ ಹತ್ತಿರ ನೆರಳಿನಲ್ಲಿ ಕೂತಿದ್ದಳು. ಸ್ನೇಹಲ್ ಬಂದು ಎದುರು ನಿಂತಳು.

“ಆ ಮಾತು ಅಂದರೇನವಾ?”

“ಅಂದರು.”

“ಯಾರು ಅಂದರು?”

“ಅವರ ಅಂದರು. ಎಲ್ಲಿ ಸತ್ತ ಅಂತನೂ ಅಂದರು.”

ದುರಗವ್ವ ಕೈ ಚಾಚಿ ಕೂಸನ್ನು ಇಸಿದುಕೊಂಡಳು, ನಳ ತಿರುವಿದಳು. ಮಸಿ ಹಸಿಯಾಗೇ ಇತ್ತೋ, ಕೂಸಿನ ಚರ್ಮ ಎಳೆಯದೋ, ಮೂರು ಸಲ ತಿಕ್ಕಿದ್ದಕ್ಕೆ ಹೋಯಿತು. ಕಪ್ಪು ನೀರು ಗಟಾರಕ್ಕೆ ಇಳಿಯಿತು. ಮುದುಕಿ ಆ ಹೆಬ್ಬೆಟ್ಟನ್ನು ಬಿಸಿಲಿಗೆ ಹಿಡಿದು, ತಿರುವಿ ತಿರುವಿ ನೋಡಿದಳು.

ಸ್ನೇಹಲ್ ನಳದ ಕಟ್ಟೆಯ ಮೇಲೆ ಕೂತಳು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳಿಗೆ ಅಳು ಬಂತು.